ಹೀರೋ ಒಡೆಯದೆ ಬಿಟ್ಟ ಗೋಡೆ

ಕಾರಣ ತಿಳಿಯದ ಸಂಗತಿ ಲೋಕದಲ್ಲಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಯಾರಾದರೂ ವಿಚಿತ್ರ ಕಥೆ ತೆಗೆದರೆ ನಕ್ಕುಬಿಡುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸು ಹೊಸದುರ್ಗದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಮಕ್ಕಳ ಸೂಪರ್‌ಹೀರೋ ಧಾರಾವಾಹಿಯೊಂದರವರು ಚಿತ್ರದುರ್ಗದ ಆಚೆ, ಮುಚ್ಚಿದ್ದ ಎಣ್ಣೆ ಮಿಲ್ಲಿನಲ್ಲಿ ಶೂಟಿಂಗ್ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಸೆಟ್ಟಿಗೆ ಬಣ್ಣ ಬಳಿಯಲು ನನ್ನನ್ನು ಕರೆದರು. ಆ ಕಂತಿನಲ್ಲಿ ಖಳನಾಯಕ ಹೀರೋನ ತಲೆಗೆ ಹೆಲ್ಮೆಟ್ ತೊಡಿಸಿ, ವರ್ಚುವಲ್ ರಿಯಾಲಿಟಿ ಎಂಬ ಕಂಪ್ಯೂಟರಿನ ಸುಳ್ಳು ಲೋಕದಲ್ಲಿ ಕೂಡಿಹಾಕುತ್ತಾನೆ. ಹೆಲ್ಮೆಟ್ ಎಂದರೆ ಬೆಳ್ಳಿ ಬಣ್ಣ ಬಳಿದ ಸ್ಕೂಟರ್ ಹೆಲ್ಮೆಟ್. ಗ್ರಾಫಿಕ್ಸ್ ಬಲ್ಲವರು ಯಾರೂ ಇರಲಿಲ್ಲ, ಹಾಗಾಗಿ ಆ ಲೋಕವನ್ನೂ ಸೆಟ್ಟಾಗಿಯೇ ಕಟ್ಟಬೇಕಿತ್ತು.

"ಸುಳ್ಳು ಲೋಕ ಒಂದು ಹಳ್ಳಿ ಅಡಿಗೆಮನೆ ಥರ ಇರಲಿ ಮೇಡಂ, ಅವನಿಗೆ ಅನುಮಾನ ಬರಬಾರದು," ಎಂದರು ನಿರ್ದೇಶಕರು. ಕೊನೆಗೆ ಹೀರೋ ಗೋಡೆಯನ್ನು ಗುದ್ದಿ ಒಡೆದು ಹೊರಬರಬೇಕಿತ್ತು.

ಪ್ಲೈವುಡ್ಡಿನ ಮೇಲೆ ತೋಚಿದಂತೆ ಮಾಡಿದೆ. ನೀಲಿ ಸುಣ್ಣದ ಗೋಡೆ, ಸ್ವಲ್ಪ ಓರೆಯಾದ ದೀಪದ ಗೂಡು, ಗಿಡ್ಡ ಬಾಗಿಲು. ಕುಂಚ ಹೇಗಿದೆ ನೋಡಲು ಕದದ ಹಿಂಬದಿಗೆ ಕೆಂಪು ಬಣ್ಣದಲ್ಲಿ ಒಂದು ಕೋಳಿ, ಮೂರು ಮರಿ ಗೀಚಿದ್ದೆ. ಆಮೇಲೆ ನಾನೇ ಕದವನ್ನು ಪೂರ್ತಿ ತೆರೆದು, ಹಿಂಬದಿಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆದೆ. ಆ ಚಿತ್ರ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಮರುದಿನ ಮಧ್ಯಾಹ್ನ, ತಂಡಕ್ಕೆ ಅಡಿಗೆ ಮಾಡುತ್ತಿದ್ದ ಯಲ್ಲದಕೆರೆಯ ಗಂಗಮ್ಮ ಊಟಕ್ಕೆ ಕರೆಯಲು ಒಳಗೆ ಬಂದವರು ಅಲ್ಲೇ ನಿಂತರು. ಚಪ್ಪಲಿ ಬಿಟ್ಟು ಸೆಟ್ಟಿನೊಳಗೆ ಹೋಗಿ ಗೂಡನ್ನು ಮುಟ್ಟಿದರು.

"ಇದು ನಮ್ಮವ್ವನ ಅಡಿಗೆಮನೆ ಐತಲ್ರಿ. ಯಾರು ಹೇಳಿದ್ರು ನಿಮಗೆ?"

ಹಳ್ಳಿಯ ಅಡಿಗೆಮನೆಗಳೆಲ್ಲ ಹೀಗೇ ಇರುತ್ತವೆ ಎಂದೆ. ಅವರು ನನ್ನತ್ತ ನೋಡಲೂ ಇಲ್ಲ.

"ಕದದ ಹಿಂದೆ ಕೋಳಿ ಐತೇನ್ರಿ, ಮೂರು ಮರಿ? ನಾನು ಉಣ್ಣಲಿಲ್ಲ ಅಂದ್ರೆ ಅದನ್ನ ತೋರ್ಸಿ ಉಣ್ಸೋಳು ಅವ್ವ."

ಎಲ್ಲರೆದುರು ಮೊಳೆ ಕಿತ್ತು ಕದ ತಿರುಗಿಸಿದೆ. ಗಂಗಮ್ಮ ಅದರ ಮುಂದೆ ನೆಲಕ್ಕೆ ಕುಳಿತು ಬಹಳ ಹೊತ್ತು ನೋಡಿದರು. ತಾವು ಹತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು, ಅದೇ ವರ್ಷ ಮನೆಯೂ ಬಿತ್ತು ಎಂದರು.

"ಇದನ್ನ ಒಡೀಬ್ಯಾಡ್ರಿ," ಎಂದು ನಿರ್ದೇಶಕರನ್ನು ಕೇಳಿಕೊಂಡರು.

ಅವರು ಕದದ ಮೇಲಿನ ಕೋಳಿಯನ್ನೊಮ್ಮೆ ನೋಡಿ, "ಆಯ್ತಮ್ಮ, ಬಾಗಿಲಿಂದಾನೇ ಹೋಗ್ಲಿ," ಎಂದರು. ಬಂಡೆ ಪುಡಿಮಾಡುವ ಹೀರೋ ಆ ಕಂತಿನಲ್ಲಿ ತಲೆ ಬಗ್ಗಿಸಿ ಅಡಿಗೆಮನೆಯ ಬಾಗಿಲು ದಾಟಿ ಹೋದದ್ದು ಇದಕ್ಕೇ. ಅದರಲ್ಲಿ ದೊಡ್ಡ ಅರ್ಥವಿದೆ ಎಂದು ಎಷ್ಟೋ ಜನ ಹೊಗಳಿದರು.

ನನಗೆ ಸಮಾಧಾನವಾಗಲಿಲ್ಲ. ನಾನು ಯಾವತ್ತೂ ಯಲ್ಲದಕೆರೆಗೆ ಹೋದವಳಲ್ಲ. ಮುಂದಿನ ಭಾನುವಾರ ಗಂಗಮ್ಮನ ಜೊತೆ ಹೋಗಿ ಅವರ ಅಣ್ಣನನ್ನು ಕಂಡೆ. ತಂಗಿಗಿಂತ ಎಂಟು ವರ್ಷ ದೊಡ್ಡವರು. ನೀಲಿ ಗೋಡೆ ಹೌದು, ಓರೆ ಗೂಡೂ ಹೌದು ಎಂದರು. ಕೋಳಿಯ ಚಿತ್ರ ಕೇಳಿದಾಗ ತಂಗಿಯ ಮುಖ ನೋಡಿದರು.

"ಕದ ಎಲ್ಲಿತ್ತು ಗಂಗೀ? ನಮ್ಮ ಅಡಿಗೆಮನೆಗೆ ಕದನೇ ಇರ್ಲಿಲ್ಲ."

ಗಂಗಮ್ಮ ಇತ್ತು ಎಂದರು, ಅಣ್ಣ ಇರಲಿಲ್ಲ ಎಂದರು. ಕದವೇ ಇರಲಿಲ್ಲವೆಂದರೆ, ನಾನು ಮೊಳೆ ಹೊಡೆದು ಮರೆಮಾಡಿದ್ದ ಕೋಳಿ ಗಂಗಮ್ಮನಿಗೆ ಹೇಗೆ ಗೊತ್ತಾಯಿತು? ಬಸ್ ಬಂತು, ಹತ್ತಿದೆ.