ಪಿನ್ನಿಲ್ಲದೆ ನಿಲ್ಲಬೇಕಿದ್ದ ತುರುಬು

ನನ್ನ ಚಿಗವ್ವ ಕಾಶವ್ವ ಖಡಕಿಯ ಮದ್ದುಗುಂಡಿನ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತಾರು ವರ್ಷ ಹೆಂಗಸರ ತಲೆ ತಡವಿದವಳು. ಅದೇ ಅವಳ ನೌಕರಿ. ಒಳಗೆ ಹೋಗುವ ಪ್ರತಿಯೊಬ್ಬಳ ಕೂದಲಲ್ಲಿ ಬೆರಳಾಡಿಸಿ ಪಿನ್ನು, ಕ್ಲಿಪ್ಪು, ಸೂಜಿ ಏನಾದರೂ ಉಳಿದಿದೆಯೇ ಎಂದು ನೋಡಬೇಕು. ಒಳಗಿರುವುದು ಮದ್ದಿನ ಪುಡಿ. ಕಬ್ಬಿಣದ ಒಂದು ಚೂರು ಉಜ್ಜಿ ಕಿಡಿ ಹಾರಿದರೆ ಮುಗಿಯಿತು ಕಥೆ. ಲೋಹ ಪತ್ತೆ ಮಾಡುವ ಕೈಯಂತ್ರ ಬಂದ ಮೇಲೂ ಚಿಗವ್ವ ನಂಬಿದ್ದು ಬೆರಳನ್ನೇ. ಸಿಕ್ಕಿದ್ದನ್ನು ತೆಗೆಸಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಸಹಿ ಮಾಡಿಸಿಯೇ ಒಳಗೆ ಬಿಡುತ್ತಿದ್ದಳು. ಹೊಸ ಮದುಮಗಳಿರಲಿ, ಸಾಹೇಬರ ಸೊಸೆಯಿರಲಿ, ಮುಲಾಜಿಲ್ಲ. ಅವಳ ತಲೆಯನ್ನೂ ಜೊತೆಯವರು ದಿನಾ ತಡವುತ್ತಿದ್ದರು. ಆ ರಿಜಿಸ್ಟರಿನಲ್ಲಿ ತನ್ನ ಹೆಸರು ಒಂದು ಸಲವೂ ಬಿದ್ದಿಲ್ಲ ಎಂದು ಅವಳು ಪ್ರತಿ ಹಬ್ಬದ ಊಟದಲ್ಲೂ ಹೇಳುತ್ತಿದ್ದಳು, ನಾವು ಹೂಂ ಹೂಂ ಅನ್ನುತ್ತ ಹೋಳಿಗೆ ತಿನ್ನುತ್ತಿದ್ದೆವು.

ನಾನು ರಂಜನಾ. ಅದೇ ಊರಿನ ಇನ್ನೊಂದು ತುದಿಯ ಕೋಥರೂಡದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ನನಗೆ ತಾಳ್ಮೆ ಕಡಿಮೆ, ಕೈ ಚುರುಕು, ಬಾಯಿ ಇನ್ನೂ ಚುರುಕು. ಚಪ್ಪಟೆ ಕೂದಲಿನವರು ಬಂದು ಕೂತರೆ ನನಗೆ ಎಲ್ಲಿಲ್ಲದ ಹುರುಪು. ತಲೆ ಬಗ್ಗಿಸಿ ಬೇರಿಗೆ ಬಿಸಿಗಾಳಿ ಹಿಡಿಯುತ್ತೇನೆ, ನೆತ್ತಿಯ ಕೂದಲನ್ನು ಉಲ್ಟಾ ಬಾಚುತ್ತೇನೆ, ಒಳಗೊಂದು ಪ್ಯಾಡ್ ಇಟ್ಟು ಇಪ್ಪತ್ತು ಮೂವತ್ತು ಪಿನ್ನು ಜಡಿಯುತ್ತೇನೆ. ಬಡಕಲು ಜಡೆಯವಳು ಮಹಾರಾಣಿಯಾಗಿ ಎದ್ದು ಹೋಗುತ್ತಾಳೆ. ಆದರೆ ನಮ್ಮ ಚಿಗವ್ವ ಮಾತ್ರ ನನಗೆ ಒಂದು ದಿನವೂ ತಲೆ ಮುಟ್ಟಗೊಟ್ಟವಳಲ್ಲ.

ಅವಳ ಕೂದಲೋ, ನೆಟ್ಟಗೆ, ನುಣ್ಣಗೆ, ತೆಳ್ಳಗೆ, ಅಂಟು ಹಾಕಿ ನೆತ್ತಿಗೆ ಮೆತ್ತಿದ ಹಾಗೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಇಷ್ಟೇಕೆ ಎಣ್ಣೆ ಹಚ್ಚಿದ್ದೀರಿ ಎಂದು ಕೇಳಿದ್ದರಂತೆ. ಆ ದಿನ ಹನಿ ಎಣ್ಣೆಯನ್ನೂ ಹಚ್ಚಿರಲಿಲ್ಲ. ಮದುವೆಯ ಫೋಟೋದಲ್ಲಿ ತಲೆ ತುಂಬ ಸೆರಗು. ಕಾಕಾ ಕಾಮಾಲೆಯಾಗಿ ತೀರಿಕೊಂಡ ಮೇಲೆ ಮೂವತ್ತನಾಲ್ಕನೇ ವಯಸ್ಸಿಗೆ ಅವರ ಜಾಗದಲ್ಲಿ ನೌಕರಿ ಸಿಕ್ಕಿತು, ಅಂದಿನಿಂದ ತಲೆಯ ಮೇಲೆ ಕಾರ್ಖಾನೆಯ ಖಾದಿ ಟೊಪ್ಪಿಗೆ ಬಂತು.

ನಿವೃತ್ತಿಗೆ ಹತ್ತು ದಿನ ಇದ್ದಾಗ ಅವಳು ಬಸ್ಸು ಹಿಡಿದು ನನ್ನ ಪಾರ್ಲರಿಗೆ ಬಂದಳು. ಯಾರೂ ಹೇಳದೆಯೇ ಕುರ್ಚಿಯಲ್ಲಿ ಕೂತಳು. ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿದಳು.

"ರಂಜೂ, ಕಡೀ ದಿವಸ ಎಲ್ಲಾರ ಮುಂದ ಫೋಟೋ ತಗೀತಾರ. ಅವತ್ತು ಟೊಪ್ಪಿಗಿ ಇರಂಗಿಲ್ಲ. ಒಮ್ಮೆರ ನನ್ನ ತಲಿ ತುಂಬಿದಂಗ ಕಾಣಬೇಕು ನೋಡು. ಆದ್ರ ಒಂದೂ ಪಿನ್ನು ಹಚ್ಚಂಗಿಲ್ಲ."

ಸಿಮೆಂಟಿಲ್ಲದೆ ಗೋಡೆ ಕಟ್ಟು ಅಂದ ಹಾಗಾಯಿತು. ಸ್ಪ್ರೇ ಹೊಡೆಯೋಣ ಅಂದರೆ, ಡಬ್ಬಿಯ ಮೇಲಿನ ಬೆಂಕಿಯ ಚಿತ್ರ ನೋಡಿ ಅದನ್ನು ಮೇಜಿನ ಆ ತುದಿಗೆ ಸರಿಸಿದಳು. ಸಮಾರಂಭ ಆಫೀಸಿನ ಹಾಲಿನಲ್ಲಿ ತಾನೇ, ಮದ್ದಿನ ಹತ್ತಿರ ನೀನು ಹೋಗುವುದೇ ಇಲ್ಲವಲ್ಲ ಎಂದು ನಾನು ರೇಗಿದೆ. ಗೇಟು ದಾಟಿದರೆ ಕಾಯಿದೆ ಒಂದೇ ಎಂದಳು. ನನಗೆ ಸಿಟ್ಟೂ ಬಂತು, ಹಟವೂ ಬಂತು.

ಆ ಹತ್ತು ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಾರ್ಲರಿನ ಹುಡುಗಿಯರ ತಲೆಯ ಮೇಲೆ ಪ್ರಯೋಗ ಮಾಡಿ ಬೈಸಿಕೊಂಡೆ. ದಾರದಿಂದ ಕಟ್ಟಿದರೆ ತಾಸಿನಲ್ಲಿ ಜಾರುತ್ತಿತ್ತು, ಗಂಟು ಬಿಗಿದರೆ ನೆತ್ತಿ ಮತ್ತೆ ಚಪ್ಪಟೆ. ಚಿಗವ್ವ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದಳು, ಉಪಾಯ ಸಿಕ್ಕಿತೇ ಎಂದು ಕೇಳುತ್ತಿದ್ದಳು, ಹೂಂ ಅನ್ನುವುದರೊಳಗೆ ಬೇರೆ ಚಿಂತೆ ಶುರು. ಅವಳ ಜಾಗಕ್ಕೆ ಬಂದ ನಮ್ಮ ಕಡೆಯದೇ ಹುಡುಗಿ ರೇಣು ಭಾಳ ಮೆದುವಂತೆ. ಹಿರಿಯರ ತಲೆಗೆ ಕೈ ಹಾಕಲು ನಾಚುತ್ತಾಳಂತೆ. ಎಷ್ಟು ಬೈದರೂ ದೇವರ ಹೂವು ಮುಟ್ಟಿದ ಹಾಗೆ ಮುಟ್ಟುತ್ತಾಳಂತೆ.

ಕೊನೆಗೆ ದಾರಿ ಸಿಕ್ಕಿತು. ಹಿಂದಿನ ಸಂಜೆಯೇ ಖಡಕಿಯ ಅವಳ ಕ್ವಾರ್ಟರ್ಸಿಗೆ ಹೋದೆ. ಸೀಗೆಕಾಯಿಯಲ್ಲಿ ತಲೆ ತೊಳೆಸಿ, ಒದ್ದೆ ಕೂದಲನ್ನು ಇಷ್ಟಿಷ್ಟೇ ತೆಗೆದು ಹಳೆಯ ಧೋತರದ ಚಿಂದಿಗಳಿಗೆ ಸುತ್ತಿ ಬಿಗಿದೆ. ಬೆಳಿಗ್ಗೆ ಬಿಚ್ಚಿದಾಗ ಆ ಹಟಮಾರಿ ಕೂದಲು ಮೊದಲ ಸಲ ಬಳುಕಿತು. ಅವಳದೇ ಉದುರಿದ ಕೂದಲನ್ನು ಮಲಮಲ್ ಬಟ್ಟೆಯಲ್ಲಿ ಸುತ್ತಿ ಪ್ಯಾಡ್ ಮಾಡಿದ್ದೆ, ಅದನ್ನು ಒಳಗಿಟ್ಟು, ನೆತ್ತಿಯ ಕೂದಲನ್ನು ಉಲ್ಟಾ ಬಾಚಿ ಎಬ್ಬಿಸಿ, ಹಿಂದೆ ತುರುಬು ಸುತ್ತಿ ಹತ್ತಿಯ ದಾರದಿಂದ ಕಟ್ಟಿದೆ. ತುರುಬು ನಿಂತಿತು.

ಚಿಗವ್ವ ಕನ್ನಡಿಯ ಮುಂದೆ ತಲೆಯನ್ನು ಆ ಕಡೆ ಈ ಕಡೆ ನಿಧಾನಕ್ಕೆ ತಿರುಗಿಸಿದಳು. ಕೈ ಮೇಲೆ ಹೋಯಿತು, ಮುಟ್ಟದೆ ಕೆಳಗೆ ಬಂತು. ಅರವತ್ತರ ಮುಖದಲ್ಲಿ ಎಂಥ ನಗು ಬಂತೆಂದರೆ ನನಗೇ ಅಳು ಬರುವಂತಾಯಿತು.

ಅವಳು ಸೀರೆ ಉಟ್ಟು ಕಾಕಾನ ಫೋಟೋಕ್ಕೆ ಬಗ್ಗಿ ನಮಸ್ಕಾರ ಮಾಡಿದಾಗ ಹಿಂದಿನಿಂದ ನೋಡಿದೆ. ತುರುಬು ಅರ್ಧ ಬೆರಳು ಕೆಳಗೆ ಜಾರಿತ್ತು. ಗಂಟೆ ಏಳಾಗಿತ್ತು, ಏಳೂವರೆಗೆ ಅವಳು ಗೇಟಿನಲ್ಲಿರಬೇಕು. ಬಿಚ್ಚಿ ಕಟ್ಟಲು ಹೊತ್ತಿಲ್ಲ, ಫೋಟೋ ಹನ್ನೊಂದಕ್ಕೆ, ಅಲ್ಲಿಯವರೆಗೆ ಇದು ನಿಲ್ಲುವುದಿಲ್ಲ. ಮಲ್ಲಿಗೆ ಮುಡಿಸುವ ನೆವದಲ್ಲಿ, ಪರ್ಸಿನಲ್ಲಿದ್ದ ಎರಡು ಸಣ್ಣ ಕಪ್ಪು ಪಿನ್ನುಗಳನ್ನು ತುರುಬಿನ ಬುಡಕ್ಕೆ ಚುಚ್ಚಿಬಿಟ್ಟೆ. ಏನೋ ಚುಚ್ಚಿತಲ್ಲ ಎಂದಳು. ಹೂವಿನ ದಾರ ಎಂದೆ. ಕೊನೆಯ ದಿನ ಇವಳನ್ನು ಯಾರು ತಡವುತ್ತಾರೆ, ಅದೂ ಆ ಮೆತ್ತನೆಯ ರೇಣು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸ್ಕೂಟರಿನಲ್ಲಾದರೆ ಹೆಲ್ಮೆಟ್ಟು ಎಲ್ಲ ಕೆಡಿಸುತ್ತದೆಂದು ರಿಕ್ಷಾ ಹಿಡಿದೆವು. ಚಿಗವ್ವ ತಲೆ ಹಿಂದಕ್ಕೆ ತಾಗದಂತೆ ಮುಂದೆ ಬಾಗಿ ಕೂತಿದ್ದಳು. ನಾನು ಪರ್ಸಿನ ಜಿಪ್ಪು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ. ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದೆ. ಅವಳು ನನ್ನ ಕೈ ತಟ್ಟಿ, ನೌಕರಿ ಮುಗಿದರೇನಾತು, ನಾ ಎಲ್ಲಿಗೂ ಹೋಗಂಗಿಲ್ಲ ಎಂದಳು. ನನ್ನ ಚಡಪಡಿಕೆಯನ್ನು ಅವಳು ಪ್ರೀತಿ ಅಂದುಕೊಂಡಿದ್ದಳು.

ಗೇಟಿನಲ್ಲಿ ಹೆಂಗಸರು ಮುತ್ತಿಕೊಂಡರು. ಮರಾಠಿಯಲ್ಲಿ ಕೀಟಲೆಯೋ ಕೀಟಲೆ. ಒಬ್ಬಳು ದೃಷ್ಟಿ ತೆಗೆದು ನೆಟಿಗೆ ಮುರಿದಳು. ನಾನು ಕಂಬಿಯ ಹೊರಗೆ ನಿಂತು ನೋಡುತ್ತಿದ್ದೆ. ರೇಣು ಬಂದು ಚಿಗವ್ವನ ಕಾಲು ಮುಟ್ಟಿ, ಹಾಗೇ ಒಳಗೆ ಹೋಗಿರೆಂದು ದಾರಿ ಬಿಟ್ಟಳು. ನಾನು ಪರ್ಸಿನ ಜಿಪ್ಪಿನಿಂದ ಕೈ ತೆಗೆದೆ.

ಚಿಗವ್ವ ಕದಲಲಿಲ್ಲ. ಅಲ್ಲೇ ನಿಂತು ತಲೆ ಬಗ್ಗಿಸಿದಳು.

"ತಡವು," ಎಂದಳು. "ನಾ ಹೇಳಿಕೊಟ್ಟಂಗ ತಡವು."

ರೇಣುವಿನ ಬೆರಳು ಮುಂದಿನಿಂದ ಹೊರಟು, ಕಿವಿಯ ಮೇಲೆ ಹಾದು, ತುರುಬಿನ ಬುಡಕ್ಕೆ ಬಂದು ನಿಂತಿತು. ಹುಡುಗಿ ಕೈ ತೆಗೆದು ಮೆಲ್ಲಗೆ ಏನಿಲ್ಲರೀ ಎಂದಳು. ಚಿಗವ್ವ ತಲೆಯೆತ್ತಿ ಅವಳ ಮುಖ ನೋಡಿದಳು. ಇಪ್ಪತ್ತಾರು ವರ್ಷ ಇಂಥ ಮುಖಗಳನ್ನೇ ಓದಿದವಳು. ತಾನೇ ಹಿಂದೆ ಕೈ ಹಾಕಿ, ಒಂದಾದ ಮೇಲೊಂದು ಎರಡೂ ಪಿನ್ನು ಎಳೆದಳು. ತುರುಬು ಸಡಿಲಾಗಿ ಬೆನ್ನ ಮೇಲೆ ಬಿತ್ತು. ಸುತ್ತಲಿನ ನಗು ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದಳು.

ಆಮೇಲೆ ರಿಜಿಸ್ಟರು ತೆರೆದು ಬರೆ ಎಂದು ರೇಣುವಿಗೆ ಹೇಳಿದಳು. ಆ ಹುಡುಗಿಯ ಕಣ್ಣು ತುಂಬಿತ್ತು, ಪೆನ್ನು ಏಳಲಿಲ್ಲ. ನಾನು ಓಡಿ ಹೋಗಿ ಕಂಬಿ ಹಿಡಿದು, ಇವತ್ತೊಂದು ದಿನ ಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ರೇಣುವಿನ ಮೇಲೆಯೇ ಹಾರಾಡಿದೆ. ಅದಕ್ಕೆ ಚಿಗವ್ವ ಸುಮ್ಮನಿರೆಂದು ನನಗೆ ಕೈಸನ್ನೆ ಮಾಡಿದಳು.

"ತಪ್ಪು ನಂದು, ಚಿಗವ್ವ. ನನ್ನ ಹೆಸರು ಬರಿ," ಎಂದೆ.

"ತಲಿ ನಂದು," ಎಂದಳು.

ರೇಣುವಿನ ಕೈಯಿಂದ ಪೆನ್ನು ತೆಗೆದುಕೊಂಡು, ತಾರೀಖು ಹಾಕಿ, ಕಾಶವ್ವ ಎಂದು ತಾನೇ ಬರೆದಳು. ಎದುರಿಗೆ ಪಿನ್ನು ಎರಡು ಎಂದು ಬರೆದು ಸಹಿ ಮಾಡಿದಳು. ಹಣಿಗೆ ಕೊಡು ಎಂದು ಕಂಬಿಯಾಚೆಯಿಂದ ನನ್ನತ್ತ ಕೈ ಚಾಚಿದಳು. ಐದು ನಿಮಿಷ ಕೊಡು, ಇಲ್ಲೇ ಮತ್ತೆ ಕಟ್ಟುತ್ತೇನೆ ಎಂದು ಗೋಗರೆದೆ. ಸಾಕು, ಹೊತ್ತಾತು ಎಂದಳು. ಬಾಟಲಿಯ ನೀರು ಕೈಗೆ ಹಾಕಿಕೊಂಡು, ದಿನಾ ಮಾಡುವಂತೆ ನೆತ್ತಿಗೆ ಒತ್ತಿ ಬಾಚಿ, ಹತ್ತಿಯ ದಾರ ಸುತ್ತಿ ಒಳಗೆ ನಡೆದಳು.

ಗೇಟಿನ ಜವಾನರು ನೋಡುತ್ತಿದ್ದರೂ ನಾನು ಅಲ್ಲೇ ನಿಂತು ಅತ್ತೆ. ಹುಟ್ಟಿದಾಗಿನಿಂದ ನನಗೆ ಬರೀ ಕೊಟ್ಟವಳು ಅವಳು, ತಿರುಗಿ ಕೇಳಿದ್ದು ಇದೊಂದೇ. ಅದನ್ನೂ ನಾನು ಕೊಡಲಿಲ್ಲ, ಇಪ್ಪತ್ತಾರು ವರ್ಷ ಆ ರಿಜಿಸ್ಟರಿನಿಂದ ಅವಳು ಕಾಯ್ದುಕೊಂಡಿದ್ದ ಹೆಸರನ್ನೂ ಕಳೆದೆ.