ಹಾಲಮ್ಮ ಎರಡನೇ ಸಲ ಹಾಸಿದ ಇಟ್ಟಿಗೆ ದಾರಿ

ಚಂದ್ರಯ್ಯನವರ ಜೀಪಿನ ಹಿಂದಿನ ಚಕ್ರ ಹೊಸ ಇಟ್ಟಿಗೆ ದಾರಿಯಲ್ಲಿ ಹೂತುಹೋದಾಗ ಅದನ್ನು ಹಾಸಿದ ಮೇಸ್ತ್ರಿ ಜಟ್ಟಿಂಗಪ್ಪ ಗೇಟಿನ ಹತ್ತಿರವೇ ಬೀಡಿ ಸೇದುತ್ತ ನಿಂತಿದ್ದ. ಚಂದ್ರಯ್ಯ ಇಳಿದು ಬಂದರು. ಕಾಲಿನ ಮೆಟ್ಟು ತೆಗೆದು, ಏನೂ ಕೇಳದೆ, ಅವನ ಕೆನ್ನೆಗೆ ಬಾರಿಸಿದರು. ಮೂರು ಸಲ. ಮೂರನೆಯ ಏಟಿಗೆ ಬೀಡಿ ಹಾರಿ ಅವನ ಅಂಗಿಯ ಮೇಲೆಯೇ ಬಿತ್ತು.

"ಹಾಸಿ ಎಂಟು ದಿನ ಆಗಿಲ್ಲ! ದಾರಿ ಮಾಡೋ ಅಂದ್ರೆ ಗದ್ದೆ ಮಾಡಿ ಇಟ್ಟಿದೀಯಲ್ಲೋ. ನಾಟಿಗೆ ಆಳು ಕಳಿಸ್ಲಾ?"

ರಸ್ತೆಯಲ್ಲಿ ನಿಂತವರು ನಕ್ಕರು. ಜಟ್ಟಿಂಗಪ್ಪ ಕೆನ್ನೆ ಒರೆಸಿಕೊಂಡು ಗೇಟಿನ ಒಳಗೆ ನಿಂತಿದ್ದ ಹೆಂಡತಿ ಹಾಲಮ್ಮನ ಕಡೆ ನೋಡಿದ. ಆ ಏಟುಗಳೆಲ್ಲ ಸಂಜೆಯೊಳಗೆ ತನಗೆ ಬರುತ್ತವೆಂದು ಅವಳಿಗೆ ಆಗಲೇ ಗೊತ್ತಾಯಿತು.

ಅದು ಅರವತ್ತಾರನೇ ಇಸವಿಯ ಮೇ ತಿಂಗಳು. ಚಂದ್ರಯ್ಯನವರಿಗೆ ತೀರ್ಥಹಳ್ಳಿಯಲ್ಲಿ, ಮನೆಯ ಪಕ್ಕದಲ್ಲೇ, ಅಕ್ಕಿ ಮಿಲ್ಲಿತ್ತು. ಹೊಸ ಜೀಪು ಕೊಂಡಿದ್ದರು. ಗೇಟಿನಿಂದ ಮನೆಯ ಪೋರ್ಟಿಕೊವರೆಗೆ ಅರವತ್ತು ಅಡಿ ಸುಟ್ಟ ಇಟ್ಟಿಗೆ ಹಾಸುವ ಕೆಲಸವನ್ನು ಜಟ್ಟಿಂಗಪ್ಪನಿಗೆ ಕೊಟ್ಟಿದ್ದರು.

ಹಾಲಮ್ಮ ಹೊಸನಗರದ ಕಡೆಯವಳು. ಮದುವೆಯಾಗಿ ಹನ್ನೆರಡು ವರ್ಷ. ಅವಳ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಹಾ ತಡವಾದ ದಿನ ಅವನು ಇಟ್ಟಿಗೆ ಬಡಿದು ಕೂರಿಸುವ ಮರದ ಕೊಡತಿಯಿಂದ ಹೊಡೆದದ್ದು. ಕೆಳಗಿನ ಎರಡು ಹಲ್ಲು ಇರಲಿಲ್ಲ. ಅದು ಯಾವುದಕ್ಕೆಂದು ಅವಳಿಗೇ ಮರೆತಿತ್ತು. ಇಟ್ಟಿಗೆ ಹೊರುವುದು ಅವಳ ಕೆಲಸ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ, ಟಣ್ ಎಂದರೆ ಗಂಡನ ಕೈಗೆ ಕೊಡುವುದು, ಮಂಕಾಗಿ ಸದ್ದಾದರೆ ಬದಿಗೆ ಎಸೆಯುವುದು. ಸಾಲು ನೇರ ಬರಲು ದಾರ ಕಟ್ಟಿ ಹಾಸಲು ಕೂರುವುದು ಮಾತ್ರ ಗಂಡಸಿನದು. ಅವರಲ್ಲಿ ಹಾಗೆಯೇ ನಡೆದುಬಂದಿತ್ತು. ಆದರೆ ನೋಡಬಾರದೆಂದು ಯಾರೂ ಹೇಳಿರಲಿಲ್ಲ. ಅವಳು ಹನ್ನೆರಡು ವರ್ಷ ನೋಡಿದ್ದಳು.

ಆ ಕಡೆ ಮನೆಯ ನೆಲಕ್ಕೆ ಹುತ್ತದ ಮಣ್ಣು ಹಾಕುತ್ತಾರೆ. ಬಡಿದು, ಸಗಣಿ ಸಾರಿಸಿದರೆ ಅದು ಕಲ್ಲಿನಂತೆ ಕೂರುತ್ತದೆ. ಜಟ್ಟಿಂಗಪ್ಪ ದಾರಿಯ ಇಟ್ಟಿಗೆಯ ಕೆಳಗೂ ಅದನ್ನೇ ಸುರಿಸಿದ.

"ಮರಳು ಹಾಕಾಣ. ಮನೆಗಿದ್ದಂಗೆ ಇದಕ್ಕೆ ಮೇಲೆ ಮಾಡು ಇಲ್ಲ. ಮಳೆ ಬಂದ್ರೆ ಪಾಯ್ಸ ಆಗ್ತದೆ," ಎಂದಿದ್ದಳು ಹಾಲಮ್ಮ.

ಅವನು ಅರ್ಧ ಇಟ್ಟಿಗೆ ಬೀಸಿದ್ದ. ಹುಬ್ಬು ಒಡೆದಿತ್ತು. ಎರಡು ದೊಡ್ಡ ಮಳೆ ಬಂದವು. ಸಂದುಗಳಿಂದ ನೀರು ಇಳಿದು ಹುತ್ತದ ಮಣ್ಣು ಕೆಸರಾಯಿತು.

ಸಂಜೆ ಗುಡಿಸಲಿನಲ್ಲಿ ಅವನು ಅವಳ ಕೂದಲು ಹಿಡಿದು ಎಳೆದ. "ನಿನ್ನ ಬಾಯಿಂದ್ಲೇ ಹೂತಿದ್ದು ಅದು! ಶಾಪ ಹಾಕ್ತೀಯಾ, ಮುಂಡೆ?" ಒಲೆಯ ಸೌದೆಯಿಂದ ಬೆನ್ನಿಗೆ ಹೊಡೆದ. ಅವನ ಬೆರಳು ಅವಳ ಕಿವಿಯೋಲೆಗೆ ಸಿಕ್ಕಿ ಕಿವಿಯ ಹಾಲೆ ಹರಿದುಹೋಯಿತು. ಹೊಡೆದು ಹೊಡೆದು ಅವನಿಗೇ ಉಸಿರು ಕಟ್ಟಿದಾಗ ನಿಲ್ಲಿಸಿದ.

ಬೆಳಗಾದ ಮೇಲೆ ಹಾಲಮ್ಮ ಒಬ್ಬಳೇ ಚಂದ್ರಯ್ಯನವರ ಮನೆಗೆ ಹೋದಳು. ಅಂಗಳದಲ್ಲಿ ಅವರ ಹೆಂಡತಿ ಯಮುನಮ್ಮ ಇದ್ದರು.

"ಅಯ್ಯೋ, ಕಿವಿಗೆ ಎಂತ ಆಯ್ತೇ?"

"ದಾರಿ ಹೂತಿತ್ತಲ್ಲ ಅಮ್ಮ, ಅದಕ್ಕೆ."

ಚಂದ್ರಯ್ಯ ಹೊರಗೆ ಬಂದರು. ಹಾಲಮ್ಮ ನೆಲ ನೋಡುತ್ತಲೇ ಹೇಳಿದಳು: "ದಾರೀನ ನಾನು ಹಾಸ್ತೀನಿ ಒಡೇರೆ, ನಾನೊಬ್ಳೇ. ಮತ್ತೆ ಹೂತ್ರೆ ನಂಗೂ ಮೆಟ್ಟಲ್ಲೇ ಹೊಡೀರಿ. ಹೂಳದಿದ್ರೆ ಮಿಲ್ಲಲ್ಲಿ ಭತ್ತ ಒಣಗ್ಸೋ ಕಣ ಹಾಸೋ ಕೆಲ್ಸ ನಂಗೇ ಕೊಡಿ. ಮಿಲ್ಲಿನ ಹಿಂದಿನ ಕೋಣೇಲಿ ಇರ್ತೀನಿ. ಅವನ ಹತ್ರ ಇನ್ನು ಹೋಗಲ್ಲ."

"ಹೆಂಗ್ಸು ದಾರ ಕಟ್ಟಿ ಕೂರೋದು ಎಲ್ಲಾದ್ರೂ ಕಂಡಿದ್ಯಾ?" ಚಂದ್ರಯ್ಯ ನಕ್ಕರು.

"ಗಂಡ್ಸು ಕೂತು ಮಾಡಿದ್ದು ಕಂಡಾಯ್ತಲ್ಲ," ಎಂದರು ಯಮುನಮ್ಮ.

ಚಂದ್ರಯ್ಯ ಐದು ದಿನ ಕೊಟ್ಟರು.

ಅವಳು ಇಟ್ಟಿಗೆಗಳನ್ನೆಲ್ಲ ಕಿತ್ತು ತೊಳೆದಳು. ಕೆಸರು ಬಳಿದು ತೆಗೆದು, ಜಲ್ಲಿ ತುಂಬಿ ಬಡಿದಳು. ತುಂಗೆಯ ಮರಳನ್ನು ಗಾಡಿಯಲ್ಲಿ ತರಿಸಿ ಹರಡಿದಳು. ನೀರು ಎರಡೂ ಬದಿಗೆ ಹರಿಯಲೆಂದು ನಡುವೆ ಎರಡು ಬೆರಳು ಎತ್ತರ ಇಟ್ಟಳು. ಅಂಚಿನ ಸಾಲನ್ನು ಗಾರೆಯಲ್ಲಿ ಹೂಳಿದಳು. ಆ ಸಾಲು ಕದಲಿದರೆ ಒಳಗಿನದು ಯಾವುದೂ ನಿಲ್ಲುವುದಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹತ್ತು ಅಡಿ ಉಳಿದಿತ್ತು. ಜಟ್ಟಿಂಗಪ್ಪ ಕುಡಿದು ಬಂದ. ಕೈಯಲ್ಲಿ ಹಾರೆ ಇತ್ತು.

"ನನ್ ಹೆಸ್ರಲ್ಲಿ ಆಗಿದ್ದ ದಾರಿ ಇದು. ಊರೆಲ್ಲ ನಗಂಗೆ ಮಾಡಿದ್ಯಲ್ಲೇ! ನಾನೇ ಕೀಳ್ತೀನಿ. ಹೆಂಗೆ ಮೇಸ್ತ್ರಿ ಆಗ್ತೀಯೋ ನೋಡಾಣ."

ಅವನು ಅಂಚಿಗೇ ಹಾರೆ ಹಾಕಿದ. ಹಸಿ ಗಾರೆ ಒಡೆದು ನಾಲ್ಕು ಇಟ್ಟಿಗೆ ಮೇಲೆದ್ದವು. ಹಾಲಮ್ಮ ಅಡ್ಡ ನಿಂತಳು. ಅವನು ಹಾರೆ ಬೀಸಿದ. ಅದು ಅವಳ ಸೊಂಟಕ್ಕೆ ಬಿತ್ತು. ಅವಳು ಕುಸಿದಳು. ಏಟು ತಿಂದು ಅವಳಿಗೆ ಅಭ್ಯಾಸವಿತ್ತು. ಅಷ್ಟಕ್ಕೇ ಅವನು ಹೋಗಿದ್ದರೆ ಅವಳು ಎದ್ದು ಮತ್ತೆ ಕೆಲಸಕ್ಕೆ ಕೂರುತ್ತಿದ್ದಳೋ ಏನೋ. ಆದರೆ ಅವನು ತಿರುಗಿ ಅಂಚಿಗೆ ಬಗ್ಗಿದ. ಐದನೆಯ ಇಟ್ಟಿಗೆ ಎದ್ದಿತು. ಒಂದೊಂದು ಇಟ್ಟಿಗೆ ಎದ್ದಂತೆ ಅವಳಿಗೆ ತಾನು ತಿರುಗಿ ಹೋಗಬೇಕಾಗುವ ಆ ಗುಡಿಸಲಿನ ಬಾಗಿಲು ಕಾಣಿಸಿತು.

ಅವಳು ಕೊಡತಿ ಎತ್ತಿ ಅವನ ಮಣಿಕಟ್ಟಿಗೆ ಹೊಡೆದಳು. ಮೂಳೆ ಮುರಿದದ್ದು ಗೇಟಿನವರೆಗೆ ಕೇಳಿಸಿತು. ಅವನು ಕಿರುಚುತ್ತ ಇನ್ನೊಂದು ಕೈಯಿಂದ ಅವಳ ಕುತ್ತಿಗೆ ಹಿಡಿದ. ಅವಳು ಮಂಡಿಗೆ ಹೊಡೆದಳು. ಅವನು ಬಿದ್ದ ಮೇಲೂ ಇನ್ನೊಮ್ಮೆ ಅದೇ ಮಂಡಿಗೆ ಹೊಡೆದಳು.

"ಜಟ್ಟಿಂಗ, ಇನ್ನೊಂದು ಇಟ್ಟಿಗೆ ಮುಟ್ಟಿದ್ರೆ ತಲೆಗೇ ಬೀಳ್ತದೆ."

ಓಡಿಬಂದ ಮಿಲ್ಲಿನ ಆಳುಗಳು ನಿಂತಲ್ಲೇ ನಿಂತರು. ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆದದ್ದನ್ನು ಅವರು ಯಾರೂ ಕೇಳಿರಲಿಲ್ಲ. ಮಿಲ್ಲಿನ ಲೆಕ್ಕ ಬರೆಯುವ ರೈಟರ್ ಕೆರಿಯಪ್ಪ ಕೂಗಿದ: "ಗಂಡನ ಕೈ ಮುರಿದ್ಯಲ್ಲೇ ರಾಕ್ಷಸಿ!"

"ಮುರಿದೆ. ಗಾಡಿ ಕಟ್ಟಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಕೆರಿಯಪ್ಪಣ್ಣ. ನಂಗೆ ಇನ್ನೂ ಹತ್ತಡಿ ಕೆಲ್ಸ ಉಳಿದಿದೆ."

ಅವನನ್ನು ಎತ್ತಿಕೊಂಡು ಹೋದರು. ಅವಳು ಇಟ್ಟಿಗೆಯ ಮೇಲೆ ಬಿದ್ದಿದ್ದ ಅವನ ಮಂಡಿಯ ರಕ್ತ ತೊಳೆದು ಅಂಚಿಗೆ ಹೊಸ ಗಾರೆ ಕಲಸಿದಳು.

ಐದನೆಯ ದಿನ ಚಂದ್ರಯ್ಯ ಆ ದಾರಿಗೆ ನಲವತ್ತು ಕೊಡ ನೀರು ಹೊಯ್ಯಿಸಿದರು. ಜೀಪಿಗೆ ಅಕ್ಕಿ ಮೂಟೆ ಹೇರಿ ಮೂರು ಸಲ ಓಡಿಸಿದರು. ಒಂದು ಇಟ್ಟಿಗೆಯೂ ಕುಸಿಯಲಿಲ್ಲ. ಅವರು ಅವಳ ಮುಖ ನೋಡದೆ ಹೇಳಿದರು: "ಸೋಮವಾರ ಕಣದ ಕೆಲ್ಸ ಶುರು ಮಾಡು."

ಯಮುನಮ್ಮ ಕೋಣೆಯ ಬೀಗದ ಕೈ ತಂದುಕೊಟ್ಟರು. ಹಾಲಮ್ಮ ಊದಿದ ಸೊಂಟ ಹಿಡಿದುಕೊಂಡು ಮಿಲ್ಲಿನ ಕಡೆ ನಡೆದಳು. ಗುಡಿಸಲಿನಲ್ಲಿ ಅವಳ ಎರಡು ಸೀರೆ, ಒಂದು ತಾಮ್ರದ ಚೆಂಬು ಇದ್ದವು. ತರಲು ಅವಳು ಹೋಗಲಿಲ್ಲ.