ಅಪ್ಪನ ಚರ್ಮಕ್ಕೆ ತತ್ತಿ ಉಣಿಸಿದ್ದು

ಮನುಷ್ಯನ ದೇಹ ನಶ್ವರ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ಅಪ್ಪನ ಬೆನ್ನಿನ ಚರ್ಮಕ್ಕೆ ಇದನ್ನು ಯಾರೂ ತಿಳಿಸಿರಲಿಲ್ಲ.

ಐವತ್ತರ ದಶಕದಲ್ಲಿ ನಾನು ಮುಂಬಯಿಯಲ್ಲಿ ಡಾಕ್ಟರಿಕೆ ಓದಿ ಬಂದು, ಗಜೇಂದ್ರಗಡದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಪ್ರಯೋಗಶಾಲೆ ಹೂಡಿದ್ದೆ. ಮೈಯನ್ನು ಒಳಗಿಂದ ಹಿಡಿದು ಕಟ್ಟುವ ಸಂಯೋಜಕ ಅಂಗಾಂಶದ ಕೋಶಗಳನ್ನು ಗಾಜಿನ ಮೇಲೆ ಬೆಳೆಸುವುದು ನನ್ನ ಹಟ. "ಅಲ್ಲಿ ಬೂಸ್ಟು ಬೆಳೆದೀತು. ಕೋಶ ಬೆಳೆದರೂ ಅವು ಕೋಳಿಯವೇ" ಎಂದು ಮುಂಬಯಿಯ ನನ್ನ ಪ್ರಾಧ್ಯಾಪಕರು ಮೊದಲೇ ತೀರ್ಪು ಕೊಟ್ಟಿದ್ದರು.

ಕೋಳಿಯ ಮಾತು ಏಕೆಂದರೆ, ಈ ಕೋಶಗಳ ಊಟವೇ ಅದು. ಅಪ್ಪನ ಬೆನ್ನಿನ ಕೊಬ್ಬಿನ ಗಂಟು ತೆಗೆದಾಗ ಸಾಸಿವೆಯಷ್ಟು ಚರ್ಮ ಉಳಿಸಿಕೊಂಡೆ. ಹುಂಜದ ರಕ್ತದ ತಿಳಿಯಿಂದ ಅದನ್ನು ಗಾಜಿಗೆ ಅಂಟಿಸಿ, ಕಾವು ಕೊಟ್ಟ ತತ್ತಿಯೊಳಗಿನ ಮರಿಯ ರಸ ಉಣಿಸಿ, ಚಿಮಣಿ ದೀಪದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟೆ. ಚರ್ಮವಿಲ್ಲದೆ ಬರೀ ಊಟ ಬಡಿಸಿದ ಇನ್ನೊಂದು ಗಾಜನ್ನು ಸಾಕ್ಷಿಗೆಂದು ಪಕ್ಕದಲ್ಲಿ ಕೂರಿಸಿದೆ; ಬೆಳೆಯುವುದು ಕೋಳಿಯ ಕೋಶವೇ ಆದರೆ ಇದರಲ್ಲೂ ಬೆಳೆಯಬೇಕು.

ಚರ್ಮದ ಅಂಚಿನಿಂದ ಕೋಶಗಳು ಹೊರಟವು. ನಮ್ಮೂರ ಮಗ್ಗದ ಲಾಳಿಯಂತೆ ಎರಡೂ ತುದಿ ಚೂಪು, ಒಂದರ ಮಗ್ಗುಲಿಗೆ ಒಂದು. ಸಾಕ್ಷಿ ಗಾಜು ಖಾಲಿ.

ಅಷ್ಟರಲ್ಲಿ, ಇರುವೆ ಗೂಡಿಗೆ ದಿನಾ ಸಕ್ಕರೆ ಹಾಕುವ ಅಪ್ಪ, ಪಕ್ಕದ ಊರು ಮುಶಿಗೇರಿಯಿಂದ ನಾನು ತರಿಸಿದ್ದ ತತ್ತಿಗಳ ಒಡಕು ಚಿಪ್ಪು ಕಂಡರು.

"ಏನವಾ ಡಾಕ್ಟರಬಾಯಿ, ನಮ್ಮ ಮನ್ಯಾಗ ಯಾರು ತತ್ತಿ ತಿನ್ನಾಕತ್ತಾರ?"

"ನೀವ ರೀ ಅಪ್ಪಾ."

"ನಾನ?"

"ನಿಮ್ಮ ಚರ್ಮ. ಬರ್ರಿ, ನೋಡ್ರಿ."

ಹುಂಜದ ಸುದ್ದಿ ನಾನು ಎತ್ತಲಿಲ್ಲ. ಅಪ್ಪ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದವರು ಭಾಳ ಹೊತ್ತು ತೆಗೆಯಲಿಲ್ಲ.

"ಜೀವ ಐತೇನ ಇವಕ್ಕ?"

"ಖರೇನ ಐತ್ರಿ."

"ಮೈಲಿಗಿ ಆಗ್ಯಾವ. ಚೆಲ್ಲು ಲಗೂ."

"ನಾ ಚೆಲ್ಲೂದಿಲ್ಲ. ಜೀವಹತ್ಯಾ ಮಾಡೂದಿದ್ರ ನಿಮ್ಮ ಕೈಲೇ ಮಾಡ್ರಿ. ನಿಮ್ಮವ ಅದಾವು."

ಅಪ್ಪ ಗಾಜನ್ನು ಎತ್ತಿಕೊಂಡರು. ಅಷ್ಟೂ ಕೆಲಸ ಅವರ ಎರಡು ಬೆರಳ ನಡುವೆ ಇತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

ಹಿಂದಿನಿಂದ ಅಜ್ಜಿಯ ದನಿ ಬಂತು. "ಇಡೋ ಅದನ್ನ. ಸಣ್ಣಾಂವಿದ್ದಾಗ ನೀ ಸಾಯಾಕ ಬಿದ್ದಿದ್ದಿ. ಹಾಲಿನ್ಯಾಗ ತತ್ತಿ ಕಲಿಸಿ ಕುಡಿಸೇನಿ. ನಿನ್ನ ಚರ್ಮಕ್ಕ ಅದೇನು ಹೊಸಾದಲ್ಲ."

ಅಪ್ಪ ಗಾಜನ್ನು ಪೆಟ್ಟಿಗೆಯಲ್ಲಿಟ್ಟು, ಸ್ನಾನಕ್ಕೆ ಹೋದರು.

ಎರಡೂ ಗಾಜುಗಳಿಗೆ ಬಣ್ಣ ಹಾಕಿ ಮುಂಬಯಿಗೆ ಕಳಿಸಿದೆ. ಕೋಶಗಳು ಕೋಳಿಯವಲ್ಲ, ಮನುಷ್ಯನ ಸಂಯೋಜಕ ಅಂಗಾಂಶದವು ಎಂದು ಪ್ರಾಧ್ಯಾಪಕರು ಒಪ್ಪಿದರು.